ಝೆರಾಕ್ಸ್‌ಗೆ ‘ಕಾಪಿರೈಟ್ ಫೀಸ್’ ಕೇಳಿಕೊಂಡು ಬಂದರೆ ಒಂದು ರೂಪಾಯಿನೂ ಕೊಡಬೇಡಿ

ಕಲಬುರಗಿ ಕಡೆಯ ಮಾಸ್ತರರು, ಲೆಕ್ಚರರ್‌ಗಳು ದಯವಿಟ್ಟು ಓದಿ.

ನಾನು ಇಲ್ಲಿನ ಒಂದು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತೇನೆ. ರೆಫರೆನ್ಸ್ ಪುಸ್ತಕದ ಒಂದು ಅಧ್ಯಾಯ ಝೆರಾಕ್ಸ್ ಮಾಡಿಸಿ ಮಕ್ಕಳಿಗೆ ಕೊಟ್ಟಿದ್ದೆ. ಜೇವರ್ಗಿ, ಅಫಜಲಪುರ ಕಡೆಯಿಂದ ಬಸ್ಸಿಗೆ ಬರುವ ಮಕ್ಕಳು, ಅಷ್ಟು ದುಬಾರಿ ಪುಸ್ತಕ ಎಲ್ಲಿ ಕೊಳ್ಳುತ್ತಾರೆ? ಎಲ್ಲ ಕಡೆ ನಡೆಯುವುದೇ ಅಲ್ವಾ.

ಸ್ಟಾಫ್ ರೂಮಿಗೆ ಒಬ್ಬ ಬಂದ. ಕೊರಳಲ್ಲಿ ಐಡಿ ಕಾರ್ಡ್, ಕೈಯಲ್ಲಿ ಫೈಲು. “ಪ್ರಕಾಶಕರ ಕಡಿಂದ ಬಂದೀನ್ರಿ ಮೇಡಂ. ಪರ್ಮಿಶನ್ ಇಲ್ದೆ ಝೆರಾಕ್ಸ್ ಮಾಡ್ಸೀರಿ. ಕೇಸ್ ಆದ್ರ ಮೂರು ವರ್ಷ ಜೈಲ್ ಅದ. ಫೀಸ್ ಕಟ್ರಿ, ಇಲ್ಲೇ ಮುಗಸ್ತೀನಿ.” ಎಲ್ಲರಿಗೂ ಕೇಳುವ ಹಾಗೆ, ದೊಡ್ಡ ದನಿಯಲ್ಲಿ! ಪ್ರಿನ್ಸಿಪಾಲರೂ “ಕೊಟ್ಟು ಕಳಸ್ರಿ, ಕಾಲೇಜಿನ ಹೆಸರು ಕೆಡ್ತದ” ಅಂದರು. ಮೂರು ಸಾವಿರ ಫೋನ್‌ಪೇ ಮಾಡಿಸಿಕೊಂಡ.

ಹೋದ ಮೇಲೆ ರಸೀದಿ ನೋಡುತ್ತೇನೆ, ಪ್ರಕಾಶಕರ ಹೆಸರೇ ಇಲ್ಲ. ಪುಸ್ತಕದ ಹೆಸರೂ ಇಲ್ಲ. ‘ಕಾಪಿರೈಟ್ ಫೀಸ್’ ಅಂತ ಒಂದು ಸಾಲು, ಕೆಳಗೆ ಗೀಚಿದ ಸಹಿ. ದುಡ್ಡು ಹೋಗಿದ್ದು ಯಾರದೋ ಸ್ವಂತ ಖಾತೆಗೆ. ಸಹೋದ್ಯೋಗಿಗಳ ಮುಂದೆ ತಲೆ ಎತ್ತಲು ಆಗಲಿಲ್ಲ.

ಫೋನ್ ಮಾಡಿ ಪ್ರಕಾಶಕರ ಪತ್ರ ಕೇಳಿದೆ. “ಹೆಡ್ ಆಫೀಸಿಂದ ಬರ್ತದ್ರಿ.” ಮತ್ತೆ ಕೇಳಿದೆ. “ಕಾನೂನು ನಮಗ ಹೇಳಬ್ಯಾಡ್ರಿ ಮೇಡಂ.” ದುಡ್ಡು ವಾಪಸ್ ಕೊಡು ಅಂದರೆ, “ಕಟ್ಟೀರಿ ಅಂದ್ರ ತಪ್ಪು ಒಪ್ಕೊಂಡಂಗೇ ಆತಲ್ರಿ.” ಈ ಮಾತಿಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಆಮೇಲೆ ನನ್ನ ನಂಬರ್ ಬ್ಲಾಕ್.

ವಕೀಲೆ ಗೆಳತಿ ಕಾಯ್ದೆಯನ್ನೇ ತೆಗೆದು ತೋರಿಸಿದಳು. 1957ರ ಕಾಪಿರೈಟ್ ಕಾಯ್ದೆ, 52ನೇ ಸೆಕ್ಷನ್. ಪಾಠಕ್ಕಾಗಿ ಶಿಕ್ಷಕರು, ವಿದ್ಯಾರ್ಥಿಗಳು ಪ್ರತಿ ಮಾಡಿಕೊಂಡರೆ ಅದು ಉಲ್ಲಂಘನೆಯೇ ಅಲ್ಲ. ದೆಹಲಿ ವಿಶ್ವವಿದ್ಯಾಲಯದ ಝೆರಾಕ್ಸ್ ಅಂಗಡಿ ಮೇಲೆ ದೊಡ್ಡ ದೊಡ್ಡ ವಿದೇಶಿ ಪ್ರಕಾಶಕರೇ ಕೇಸ್ ಹಾಕಿದ್ದರು. ಪಾಠಕ್ಕೆ ಬೇಕಾದಷ್ಟು ಪ್ರತಿ ಮಾಡಬಹುದು ಅಂತ 2016ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. 2017ರಲ್ಲಿ ಅವರು ಕೇಸನ್ನೇ ಹಿಂತೆಗೆದುಕೊಂಡರು. ಅಂಥವರೇ ಬಿಟ್ಟಿದ್ದನ್ನು ಇವನು ಸ್ಟಾಫ್ ರೂಮಿನಲ್ಲಿ ವಸೂಲಿ ಮಾಡುತ್ತಾನೆ! ಬುಡವಿಲ್ಲದ ಬೆದರಿಕೆ ಹಾಕಿದರೆ 60ನೇ ಸೆಕ್ಷನ್ ಪ್ರಕಾರ ನಾವೇ ಕೋರ್ಟಿಗೆ ಹೋಗಬಹುದು. ಇಡೀ ಪುಸ್ತಕ ಝೆರಾಕ್ಸ್ ಮಾಡಿಸಿ ಮಾರುವುದು ಬೇರೆ ಮಾತು, ಅದನ್ನು ಇದಕ್ಕೆ ಸೇರಿಸಬೇಡಿ.

ಈಗ ಸೇಡಂ ಕಡೆ ತಿರುಗುತ್ತಿದ್ದಾನಂತೆ. ಬಂದರೆ ಯಾವ ಪುಸ್ತಕ, ಯಾವ ಪ್ರಕಾಶಕರು, ಅಧಿಕಾರ ಪತ್ರ ಎಲ್ಲಿ ಅಂತ ಬರೆಸಿಕೊಳ್ಳಿ. ನಾನು ಠಾಣೆಗೆ ದೂರು ಕೊಟ್ಟಿದ್ದೇನೆ. ಇಂಥದೇ ರಸೀದಿ ನಿಮ್ಮ ಹತ್ತಿರ ಇದ್ದರೆ ನೀವೂ ಕೊಡಿ.