ಪೆಲಿಕನ್ 1750 ಕೋವಿ ಪೆಟ್ಟಿಗೆ: ಸಿಯಾಟಲ್‌ನಿಂದ ಅಲಾಸ್ಕಾಗೆ, ಎರಡು ಗಡಿ ದಾಟಿ

ಈ ಪೆಟ್ಟಿಗೆ ಕೊಂಡು ಎರಡು ವರ್ಷ ಆಯಿತು. ಹೋದ ಆಗಸ್ಟ್‌ನಲ್ಲಿ ನಾನು ಮತ್ತು ಭಾವ ಸಿಯಾಟಲ್‌ನಿಂದ ಹೊರಟು, ಕೆನಡಾ ಒಳಗಿಂದ ಹಾದು, ಅಲಾಸ್ಕಾದ ಟೋಕ್ ಊರಿನವರೆಗೆ ಗಾಡಿಯಲ್ಲೇ ಹೋದೆವು. ಮೂರು ಸಾವಿರ ಕಿಲೋಮೀಟರ್‌ಗೂ ಜಾಸ್ತಿ ದಾರಿ. ಪೆಟ್ಟಿಗೆಯೊಳಗೆ ಕ್ಯಾರಿಬೂ ಅನ್ನುವ ಹಿಮಸಾರಂಗದ ಬೇಟೆಗೆ ನನ್ನ .30-06 ಬೋಲ್ಟ್ ರೈಫಲ್, ಕರಡಿ ಭಯಕ್ಕೆ ಭಾವನ 12 ಬೋರ್ ಕೋವಿ. ಇಷ್ಟು ದೂರ ಹೊತ್ತು ತಂದ ಮೇಲೆ ಇದರ ಬಗ್ಗೆ ಬರೆಯಲು ಧೈರ್ಯ ಬಂದಿದೆ.

ನಾನು ಕೊಡಗಿನವನು. ನಮ್ಮಲ್ಲಿ ಕೋವಿ ಅಂದರೆ ಮನೆಯ ಒಬ್ಬ ಹಿರಿಯನಿದ್ದ ಹಾಗೆ. ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಒರೆಸಿ, ತೋಕ್ ಪೂ ಅನ್ನುವ ಹೂ ಸಿಕ್ಕಿಸಿ, ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುರಿ ಇಡುವುದು. ಬೇಟೆ ಮಾತ್ರ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅಲ್ಲಿ ಮುಗಿದ ಕಥೆ, ಮುಗಿದಿದ್ದೇ ಸರಿ. ಕೋವಿ ಹಿಡಿದು ಪ್ರಯಾಣ ಮಾಡುವುದಕ್ಕೂ ಲೆಕ್ಕ ಇದೆ ಅನ್ನುವುದನ್ನು ಅಜ್ಜ ನನಗೆ ಚಿಕ್ಕವನಿದ್ದಾಗಲೇ ಹೇಳಿಕೊಟ್ಟಿದ್ದರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನು ಇರುವವರಿಗೂ) ಲೈಸೆನ್ಸ್‌ನಿಂದ ವಿನಾಯಿತಿ ಇದೆ ನಿಜ, ಆದರೆ ಜಿಲ್ಲೆಯ ಹೊರಗೆ ಹೋಗುವಾಗ ಅದಕ್ಕೊಂದು ಮಿತಿ: ರೈಫಲ್ ಆದರೆ ಒಂದು, ಜೊತೆಗೆ 100 ಗುಂಡು, ತೋಟಾ ಕೋವಿಯೋ ಕೇಪಿನ ಕೋವಿಯೋ ಆದರೆ ಅದೂ ಒಂದೇ, ಅದಕ್ಕೆ 500. ಕುಶಾಲನಗರದ ಸೇತುವೆ ದಾಟುವ ಮೊದಲು ಅಜ್ಜ ಜೀಪು ನಿಲ್ಲಿಸಿ, ತೋಟಾ ಎಣಿಸಿ, ಆಮೇಲೆ ಮೈಸೂರಿನ ದಾರಿ ಹಿಡಿಯುತ್ತಿದ್ದರು. ಅಮೆರಿಕಕ್ಕೆ ಬಂದ ಮೇಲೂ ನನಗೆ ಅದೇ ಅಭ್ಯಾಸ.

ಪೆಟ್ಟಿಗೆಯ ವಿಷಯಕ್ಕೆ ಬರುತ್ತೇನೆ. ಒಳಗಿನ ಉದ್ದ 50.5 ಇಂಚು, ಹಾಗಾಗಿ ಸ್ಕೋಪ್ ಸಮೇತ ದೊಡ್ಡ ರೈಫಲ್ ಆರಾಮಾಗಿ ಕೂರುತ್ತದೆ. ಮುಚ್ಚಳದ ಸುತ್ತ ರಬ್ಬರ್ ರಿಂಗ್, ಎತ್ತರದ ಜಾಗಕ್ಕೆ ಹೋದಾಗ ಒಳಗಿನ ಗಾಳಿಯ ಒತ್ತಡ ಸರಿ ಮಾಡಲು ಒಂದು ಪುಟ್ಟ ವಾಲ್ವ್, ಬೀಗದ ತೂತುಗಳಿಗೆ ಸ್ಟೀಲಿನ ಕವಚ, ಕೆಳಗೆ ಚಕ್ರ. ಖಾಲಿ ಪೆಟ್ಟಿಗೆಯೇ ಸುಮಾರು 12 ಕಿಲೋ. ಇಷ್ಟು ಗಟ್ಟಿ ಬೇಕು ಅಂದರೆ ತೂಕ ಬರಲೇಬೇಕು ಅಲ್ವಾ. ನಾನು ಮುನ್ನೂರು ಡಾಲರ್ ಮೇಲೆ ಕೊಟ್ಟೆ. ಇದಕ್ಕೆ ಮೊದಲು ಕಡಿಮೆ ಬೆಲೆಗೆ ಸಿಕ್ಕಿದ ಇನ್ನೊಂದು ಪ್ಲಾಸ್ಟಿಕ್ ಪೆಟ್ಟಿಗೆ ಇತ್ತು, ಹೆಸರು ಬೇಡ. ಎರಡನೇ ಪ್ರಯಾಣದಲ್ಲೇ ಅದರ ಕೊಂಡಿ ಮುರಿದು, ಮೋಟೆಲ್‌ನ ಪಾರ್ಕಿಂಗ್‌ನಲ್ಲಿ ಹಗ್ಗ ಕಟ್ಟಿಕೊಂಡು ನಿಂತಿದ್ದೆ. ಕೋವಿ ಇರುವ ಪೆಟ್ಟಿಗೆಗೆ ಬೀಗ ಹಾಕಲು ಆಗದೇ ಇದ್ದಾಗ ಹೊಟ್ಟೆಯೊಳಗೆ ಆಗುವ ಸಂಕಟ ನಿಮಗೆ ಬರಬಾರದು.

ಬೀಗ ಯಾಕೆ ಅಷ್ಟು ಮುಖ್ಯ ಅಂದರೆ, ನಮ್ಮದು ಎಸ್‌ಯುವಿ, ಬೇರೆ ಡಿಕ್ಕಿ ಅಂತ ಇಲ್ಲ. ಅಮೆರಿಕದಲ್ಲಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಕೋವಿ ಒಯ್ಯುವವರಿಗೆ ರಕ್ಷಣೆ ಕೊಡುವ 1986ರ ಫೆಡರಲ್ ಕಾನೂನು ಏನು ಹೇಳುತ್ತದೆ ಅಂದರೆ, ಕೋವಿಯಲ್ಲಿ ಗುಂಡು ಇರಬಾರದು, ಕೋವಿಯಾಗಲಿ ಗುಂಡಾಗಲಿ ಕೂತ ಜಾಗದಿಂದ ಸುಲಭವಾಗಿ ಕೈಗೆ ಸಿಗಬಾರದು, ಡಿಕ್ಕಿ ಇಲ್ಲದ ಗಾಡಿಯಾದರೆ ಬೀಗ ಹಾಕಿದ ಪೆಟ್ಟಿಗೆಯಲ್ಲೇ ಇರಬೇಕು. ಡ್ಯಾಶ್‌ಬೋರ್ಡ್ ಗೂಡು ಲೆಕ್ಕಕ್ಕೆ ಬರುವುದಿಲ್ಲ. ಕ್ಯಾಲಿಫೋರ್ನಿಯಾ ಕಡೆಯಿಂದ ಬರುವವರು ಇದನ್ನು ಸರಿಯಾಗಿ ತಿಳಿದುಕೊಂಡು ಹೊರಡಿ. ಕೆನಡಾದಲ್ಲೂ ಗಾಡಿ ಬಿಟ್ಟು ಊಟಕ್ಕೆ ಹೋಗುವುದಾದರೆ ಡಿಕ್ಕಿಯಲ್ಲಿಟ್ಟು ಬೀಗ ಹಾಕಬೇಕು, ಡಿಕ್ಕಿ ಇಲ್ಲದಿದ್ದರೆ ಹೊರಗಿನವರ ಕಣ್ಣಿಗೆ ಬೀಳದ ಹಾಗೆ ಇಟ್ಟು ಗಾಡಿ ಲಾಕ್ ಮಾಡಬೇಕು. ಕೋವಿ ಪೆಟ್ಟಿಗೆ ದೂರದಿಂದ ನೋಡಿದರೂ ಕೋವಿ ಪೆಟ್ಟಿಗೆ ಅಂತಲೇ ಗೊತ್ತಾಗುತ್ತದೆ, ಅದಕ್ಕೇ ನಾವು ಮೇಲೊಂದು ಹಳೇ ಕಂಬಳಿ ಹೊದಿಸಿದ್ದೆವು.

ಈಗ ನನಗೆ ಇದರಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ವಿಷಯ. ಒಳಗಿನ ಫೋಮ್ ಅನ್ನು ನಮಗೆ ಬೇಕಾದ ಹಾಗೆ ಕತ್ತರಿಸಿಕೊಳ್ಳಬಹುದು. ನಾನು ಕರೆಂಟಿನ ಬ್ರೆಡ್ ಚಾಕುವಿನಿಂದ ಕತ್ತರಿಸಿದೆ. ಸಾಮಾನ್ಯವಾಗಿ ಎಲ್ಲರೂ ನೋಡಲು ಚಂದ ಕಾಣುವ ಹಾಗೆ ರೈಫಲ್ ಮಲಗಿಸುತ್ತಾರೆ. ಹಾಗೆ ಮಾಡಬೇಡಿ. ಸೀರಿಯಲ್ ನಂಬರ್ ಯಾವ ಪಕ್ಕದಲ್ಲಿದೆ ನೋಡಿ, ಆ ಪಕ್ಕ ಮೇಲೆ ಬರುವ ಹಾಗೆ ಜಾಗ ಮಾಡಿ. ನನ್ನ ರೈಫಲ್‌ನಲ್ಲಿ ಎಡಗಡೆ ಇದೆ. ಬೋಲ್ಟ್, ಅಂದರೆ ಗುಂಡು ಕೂರುವ ಜಾಗವನ್ನು ಹಿಂದಿನಿಂದ ಮುಚ್ಚುವ ಭಾಗ, ಅದನ್ನು ಬಿಚ್ಚಿ ಪಕ್ಕದಲ್ಲೇ ಒಂದು ಸಣ್ಣ ಗೂಡಿನಲ್ಲಿ ಇಟ್ಟೆ. ಹೀಗೆ ಮಾಡಿದರೆ ಮುಚ್ಚಳ ತೆರೆದ ಕೂಡಲೇ ಅಧಿಕಾರಿಗೆ ನಂಬರ್ ಕಾಣುತ್ತದೆ, ಒಳಗೆ ಗುಂಡಿಲ್ಲ ಅನ್ನುವುದೂ ಕಾಣುತ್ತದೆ. ಯಾರೂ ಕೋವಿ ಎತ್ತಬೇಕಾಗಿಲ್ಲ, ತಿರುಗಿಸಬೇಕಾಗಿಲ್ಲ. ಗಡಿಯಲ್ಲಿ ಕೋವಿ ಎಷ್ಟು ಕಡಿಮೆ ಕೈ ಬದಲಾಯಿಸಿದರೆ ಅಷ್ಟು ಒಳ್ಳೆಯದು.

ಈ ಏರ್ಪಾಟು ಮೂರು ಕಡೆ ಕೆಲಸಕ್ಕೆ ಬಂತು. ಮೊದಲನೆಯದು ಹೊರಡುವ ಮುಂಚೆ, ಅಮೆರಿಕದ ಕಸ್ಟಮ್ಸ್ ಆಫೀಸಿನಲ್ಲಿ. ಅಲ್ಲಿ 4457 ಅಂತ ಒಂದು ಫಾರಂ ಇದೆ, ದುಡ್ಡು ಇಲ್ಲ. ಕೋವಿ ತೋರಿಸಿದರೆ ನಂಬರ್ ತಾಳೆ ನೋಡಿ ಸಹಿ ಹಾಕಿಕೊಡುತ್ತಾರೆ. ಇದು ನಾನು ಇಲ್ಲಿಂದಲೇ ತೆಗೆದುಕೊಂಡು ಹೋದ ಕೋವಿ, ಹೊರಗಿನಿಂದ ಕೊಂಡು ತಂದಿದ್ದಲ್ಲ ಅನ್ನುವುದಕ್ಕೆ ವಾಪಸ್ ಬರುವಾಗ ಅದೇ ಪುರಾವೆ. ಆಫೀಸಿನೊಳಗೆ ಪೆಟ್ಟಿಗೆ ಹೊತ್ತುಕೊಂಡು ನುಗ್ಗಬೇಡಿ, ಮೊದಲು ಫೋನ್ ಮಾಡಿ, ಅದನ್ನು ಗಾಡಿಯಲ್ಲೇ ಬಿಟ್ಟು ಒಳಗೆ ಹೋಗಿ ಹೇಳಿ.

ಎರಡನೆಯದು ಕೆನಡಾ ಗಡಿ. ನಾವು ಸೂಮಸ್ ಕಡೆಯಿಂದ ಆಬಟ್ಸ್‌ಫರ್ಡ್‌ಗೆ ದಾಟಿದೆವು. ಅಲ್ಲಿಗೆ ಬೇಕಾಗಿರುವುದು 5589 ಅನ್ನುವ ಫಾರಂ. ಮನೆಯಲ್ಲೇ ತುಂಬಿಕೊಳ್ಳಿ, ಆದರೆ ಸಹಿ ಮಾತ್ರ ಹಾಕಬೇಡಿ, ಅದನ್ನು ಅಧಿಕಾರಿಯ ಎದುರಿಗೇ ಹಾಕಬೇಕು. ಭಾವ ಬೆಳಿಗ್ಗೆ ಕಾಫಿ ಕುಡಿಯುತ್ತಾ ಸಹಿ ಹಾಕಿಬಿಟ್ಟಿದ್ದರು, ಗಡಿಯಲ್ಲಿ ಮತ್ತೆ ಹೊಸದಾಗಿ ತುಂಬಿದರು. ಫೀಸು 25 ಕೆನಡಾ ಡಾಲರ್. ಒಬ್ಬರು ಎಷ್ಟು ಕೋವಿ ಬರೆದರೂ ಅಷ್ಟೇ. ಮುದ್ರೆ ಬಿದ್ದ ಮೇಲೆ ಆ ಕಾಗದವೇ 60 ದಿನ ನಿಮ್ಮ ಲೈಸೆನ್ಸ್. ಬೇಟೆಗೆ ಅಂತ 200 ಗುಂಡಿನವರೆಗೆ ಸುಂಕ ಇಲ್ಲ, ನಾವು 60 ಮಾತ್ರ ಒಯ್ದಿದ್ದೆವು, ಬೇರೆ ಡಬ್ಬಿಯಲ್ಲಿ, ಅದಕ್ಕೂ ಬೀಗ.

ಅಧಿಕಾರಿ ಕೇಳುವ ಮೊದಲೇ ಹೇಳಿ. "ನಮ್ಮ ಹತ್ತಿರ ಎರಡು ಕೋವಿ ಇದೆ, ಗುಂಡು ತೆಗೆದಿದೆ, ಹಿಂದೆ ಬೀಗ ಹಾಕಿದ ಪೆಟ್ಟಿಗೆಯಲ್ಲಿದೆ" ಅಂತ ಸಮಾಧಾನವಾಗಿ, ಸ್ಟಿಯರಿಂಗ್ ಮೇಲೆ ಕೈ ಇಟ್ಟುಕೊಂಡೇ. ಆಕೆ ಪಿಸ್ತೂಲು ಇದೆಯಾ ಅಂತ ಎರಡು ಸಲ ಕೇಳಿದರು. ಕೆನಡಾ 2020ರ ಮೇ ತಿಂಗಳಲ್ಲಿ ಎಆರ್-15 ರೈಫಲ್ ಸೇರಿ ಸಾವಿರದೈನೂರಕ್ಕೂ ಹೆಚ್ಚು ಮಾದರಿ ನಿಷೇಧ ಮಾಡಿದೆ, 2022ರ ಅಕ್ಟೋಬರ್‌ನಿಂದ ಕೈಕೋವಿಗಳ ಮೇಲೂ ಬಿಗಿ ಬಂದಿದೆ. ಆದ್ದರಿಂದ ಆ ಜಾತಿಯದ್ದು ಮನೆಯಲ್ಲೇ ಇರಲಿ. ಮನುಷ್ಯರ ಮೇಲೆ ಹಾಕುವ ಪೆಪ್ಪರ್ ಸ್ಪ್ರೇ ಕೂಡ ಒಯ್ಯುವಂತಿಲ್ಲ. ಪ್ರಾಣಿಗಳಿಗೆ ಅಂತ ಲೇಬಲ್ ಇರುವ ಕರಡಿ ಸ್ಪ್ರೇ ಆಗುತ್ತದೆ.

ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಪಕ್ಕದ ಲೈನಿನಲ್ಲಿ ಒಬ್ಬರು ಕೋವಿಯನ್ನು ಬಟ್ಟೆ, ಸ್ಲೀಪಿಂಗ್ ಬ್ಯಾಗ್ ಕೆಳಗೆ ತುರುಕಿದ್ದರು. ಗಾಡಿಯ ಸಾಮಾನೆಲ್ಲ ಕೆಳಗೆ ಇಳಿಸಿ ಹುಡುಕುತ್ತಿದ್ದರು ಪಾಪ.

ಡಾಸನ್ ಕ್ರೀಕ್‌ನಿಂದ ಅಲಾಸ್ಕಾ ಹೈವೇ ಶುರು. 1942ರಲ್ಲಿ ಯುದ್ಧಕಾಲದಲ್ಲಿ ಕಟ್ಟಿದ ರಸ್ತೆ. ವೈಟ್‌ಹಾರ್ಸ್ ತನಕ ಚೆನ್ನಾಗಿದೆ, ಬರ್ವಾಷ್ ಲ್ಯಾಂಡಿಂಗ್ ದಾಟಿದ ಮೇಲೆ ಬೀವರ್ ಕ್ರೀಕ್ ತನಕ ನೆಲದಡಿಯ ಮಂಜು ಕರಗಿ, ಮತ್ತೆ ಹೆಪ್ಪುಗಟ್ಟಿ, ರಸ್ತೆ ಅಲೆಅಲೆಯಾಗಿ ಎದ್ದಿದೆ. ಗಾಡಿ ಕುಣಿಯುತ್ತದೆ. ಅಲ್ಲಲ್ಲಿ ಜಲ್ಲಿ, ಧೂಳು ಅಂದರೆ ಧೂಳು. ಪೆಟ್ಟಿಗೆಯ ಹೊರಗೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು ಕೂತಿತ್ತು, ಒಳಗೆ ಒಂದು ಕಣವೂ ಇರಲಿಲ್ಲ. ಮೋಟೆಲ್‌ಗಳಲ್ಲಿ ರಾತ್ರಿ ಪೆಟ್ಟಿಗೆ ರೂಮಿಗೆ, ಗುಂಡಿನ ಡಬ್ಬಿ ಬೇರೆ ಕಡೆ.

ಮೂರನೆಯದು ಅಲಾಸ್ಕಾದ ಆಲ್ಕನ್ ಗಡಿ ಠಾಣೆ, ಮತ್ತೆ ಅಮೆರಿಕ. 4457 ತೋರಿಸಿದೆ, ಮುಚ್ಚಳ ತೆರೆದೆ, ನಂಬರ್ ಓದಿದರು, "ಒಳ್ಳೆ ಬೇಟೆ ಆಗಲಿ" ಅಂದರು. ಐದೇ ನಿಮಿಷ. ಮರುದಿನ ನೂರು ಗಜ ದೂರಕ್ಕೆ ಮೂರು ಗುಂಡು ಹಾರಿಸಿ ನೋಡಿದೆ, ಸ್ಕೋಪ್ ಒಂದಿಷ್ಟೂ ಕದಲಿರಲಿಲ್ಲ. ಆ ಕುಣಿತದ ಮೇಲೂ! ನನಗೆ ಆಗ ಆದ ಸಂತೋಷ ಇಷ್ಟಿಷ್ಟಲ್ಲ.

ಇಲ್ಲಿರುವ ನಮ್ಮವರಿಗೆ ಇನ್ನೊಂದು ಮಾತು. ಎಚ್‌1ಬಿಯಂಥ ವೀಸಾದಲ್ಲಿ ಇರುವವರು ಕೆಲವು ವಿನಾಯಿತಿ ಬಿಟ್ಟರೆ ಅಮೆರಿಕದಲ್ಲಿ ಕೋವಿ ಇಟ್ಟುಕೊಳ್ಳುವಂತಿಲ್ಲ. ಸ್ನೇಹಿತರ ಕೋವಿ ಹಿಡಿದು ಫೋಟೋ ತೆಗೆಸಿಕೊಳ್ಳುವುದಕ್ಕೂ ಮೊದಲು ವಕೀಲರನ್ನು ಕೇಳಿ. ಅಮೆರಿಕದ ನಿವಾಸಿಗಳಲ್ಲದ ವಿದೇಶಿಯರು ಅಲಾಸ್ಕಾದಲ್ಲಿ ದೊಡ್ಡ ಪ್ರಾಣಿಯ ಬೇಟೆಗೆ ಗೈಡ್ ಜೊತೆಗೇ ಹೋಗಬೇಕು. ಹೊರರಾಜ್ಯದ ನಾಗರಿಕರು ಕ್ಯಾರಿಬೂ ಬೇಟೆಗೆ ತಾವೇ ಹೋಗಬಹುದು, ಆದರೆ ಕಂದು ಕರಡಿಗೆ ಅವರಿಗೂ ಗೈಡ್ ಬೇಕು.

ಪೆಟ್ಟಿಗೆ ಕೊಳ್ಳುವವರು ಬೀಗಗಳನ್ನು ಒಂದೇ ಕೀಲಿಯವು ತೆಗೆದುಕೊಳ್ಳಿ, ಗಡಿಯಲ್ಲಿ ನಾಲ್ಕು ಕೀಲಿ ತಡಕಾಡುತ್ತಾ ನಿಲ್ಲುವುದು ಬೇಡ. ಮನೆಗೆ ಬಂದ ದಿನವೇ ಕೋವಿ ಹೊರಗೆ ತೆಗೆದು ಎಣ್ಣೆ ಹಚ್ಚಿ. ಒದ್ದೆ ಫೋಮಿನಲ್ಲಿ ಮುಚ್ಚಿಟ್ಟರೆ ಎಂಥ ಒಳ್ಳೆ ನಳಿಗೆಯೂ ತುಕ್ಕು ಹಿಡಿಯುತ್ತದೆ. ನಮ್ಮ ಪೆಟ್ಟಿಗೆ ಈಗ ಗ್ಯಾರೇಜಿನಲ್ಲಿ ಬಾಯಿ ತೆರೆದುಕೊಂಡು ಒಣಗುತ್ತಿದೆ. ಭಾವ ತಮ್ಮದೇ ಒಂದು ಬೇಕು ಅಂತ ಆಗಲೇ ಆರ್ಡರ್ ಮಾಡಿದ್ದಾರೆ.