ಡಿಸ್ಮಲ್ ಸ್ವಾಂಪೋ, ವರ್ಜೀನಿಯಾ ಕಟ್ಟೋ? ನನ್ನ ಓಟು ಮೊದಲನೆಯದಕ್ಕೇ

ನಾರ್ಫೋಕ್‌ನಿಂದ ಬೋಟಿನಲ್ಲಿ ದಕ್ಷಿಣಕ್ಕೆ ಹೊರಟವರು ಮೊದಲ ದಿನವೇ ಒಂದು ತೀರ್ಮಾನ ಮಾಡಬೇಕು. ಅಮೆರಿಕದ ಪೂರ್ವ ಕರಾವಳಿಯ ಇಂಟ್ರಾಕೋಸ್ಟಲ್ ವಾಟರ್‌ವೇಗೆ, ಅಂದರೆ ತೆರೆದ ಸಮುದ್ರಕ್ಕಿಳಿಯದೆ ಒಳಗೊಳಗೇ ಸಾಗುವ ಜಲಮಾರ್ಗಕ್ಕೆ, ಇಲ್ಲಿಯೇ ಮೈಲಿ ಸೊನ್ನೆ. ಏಳೆಂಟು ಮೈಲಿ ಹೋಗುವಷ್ಟರಲ್ಲಿ ದಾರಿ ಕವಲೊಡೆಯುತ್ತದೆ. ಬಲಕ್ಕೆ ತಿರುಗಿದರೆ ಡಿಸ್ಮಲ್ ಸ್ವಾಂಪ್ ಕಾಲುವೆ, ಮುಂದಕ್ಕೆ ಹೋದರೆ ವರ್ಜೀನಿಯಾ ಕಟ್. ಎರಡೂ ಕೊನೆಗೆ ಬಂದು ಸೇರುವುದು ಅಲ್ಬೆಮಾರ್ಲ್ ಸೌಂಡ್ ಅನ್ನೋ ದೊಡ್ಡ ಹಿನ್ನೀರನ್ನೇ. ನಾನೂ ನಮ್ಮೆಜಮಾನ್ರೂ ಎರಡರಲ್ಲೂ ಹೋಗಿದ್ದೇವೆ, ಅದೂ ಶರತ್ಕಾಲದಲ್ಲಿ, ಉತ್ತರದ ಬೋಟುಗಳೆಲ್ಲ ಚಳಿಗೆ ಹೆದರಿ ಒಟ್ಟಿಗೇ ಹೊರಡುವ ಹೊತ್ತಿನಲ್ಲಿ. ನಮ್ಮದು ಹಳೇ ಹಾಯಿದೋಣಿ. ತಳ ನೀರಿನೊಳಗೆ ನಾಲ್ಕೂವರೆ ಅಡಿ ಇಳಿಯುತ್ತದೆ, ಎಂಜಿನ್‌ನಲ್ಲಿ ಗಂಟೆಗೆ ಆರು ಮೈಲಿ ಹೋದರೆ ಅದೇ ದೊಡ್ಡದು. ಕೆಳಗೆ ಬರೆದದ್ದನ್ನೆಲ್ಲ ಈ ಲೆಕ್ಕದಲ್ಲೇ ಓದಿಕೊಳ್ಳಿ.

ವರ್ಜೀನಿಯಾ ಕಟ್ ಕೆಟ್ಟ ದಾರಿಯೇನಲ್ಲ. ಅಗಲವಾಗಿದೆ, ಆಳವಾಗಿದೆ, ಸರಕಿನ ಬಾರ್ಜುಗಳೇ ಓಡಾಡುತ್ತವೆ. ಗ್ರೇಟ್ ಬ್ರಿಜ್ ಅನ್ನೋ ಜಾಗದಲ್ಲಿ ಒಂದೇ ಒಂದು ಲಾಕ್ (ಎರಡು ಗೇಟಿನ ನಡುವೆ ನೀರು ತುಂಬಿಸಿ ಇಲ್ಲವೇ ಇಳಿಸಿ ಬೋಟನ್ನು ಮೇಲೆ ಕೆಳಗೆ ಮಾಡುವ ತೊಟ್ಟಿ), 600 ಅಡಿ ಉದ್ದದ್ದು. ನೀರು ಏರುವುದು ಇಳಿಯುವುದು ಗೊತ್ತೇ ಆಗುವುದಿಲ್ಲ. ಆದರೆ ಸೇತುವೆಗಳಿವೆಯಲ್ಲ, ಅವು ತಾಳ್ಮೆ ಪರೀಕ್ಷೆ ಮಾಡುತ್ತವೆ. ಗ್ರೇಟ್ ಬ್ರಿಜ್ ಸೇತುವೆ ಏಳುವುದು ಗಂಟೆಗೊಮ್ಮೆ. ಎರಡು ನಿಮಿಷ ತಡವಾದರೆ ಗಾಳಿಗೆ ಬೋಟು ಅಡ್ಡಡ್ಡ ತಿರುಗದಂತೆ ನೋಡಿಕೊಳ್ಳುತ್ತಾ ಅಲ್ಲಲ್ಲೇ ಸುತ್ತುತ್ತಿರಬೇಕು. ಮುಂದೆ ಸೆಂಟರ್‌ವಿಲ್, ಆಮೇಲೆ ನಾರ್ತ್ ಲ್ಯಾಂಡಿಂಗ್. ಜೋರಾಗಿ ಹೋಗುವವರು ಒಂದು ಮುಗಿಸಿ ಇನ್ನೊಂದಕ್ಕೆ ಸರಿಯಾಗಿ ತಲುಪುತ್ತಾರೆ, ನಮ್ಮಂಥ ನಿಧಾನದವರು ಪ್ರತಿ ಸಲವೂ ಅದು ಮುಚ್ಚಿಕೊಳ್ಳುವುದನ್ನೇ ನೋಡುತ್ತೇವೆ.

ಇನ್ನು ದೊಡ್ಡ ಮೋಟಾರು ಯಾಚುಗಳು. ಹಿಂದಿನಿಂದ ಬಂದು ಹಾಗೇ ನುಗ್ಗಿದರೆ ಅವುಗಳ ಅಲೆಗೆ ನಮ್ಮ ಬೋಟು ಓಲಾಡಿ ಒಲೆ ಮೇಲಿನ ಪಾತ್ರೆ ನೆಲಕ್ಕೆ. ರೇಡಿಯೋದಲ್ಲಿ ಕರೆದು ಹೇಳಿದರೆ, ನಾವೂ ವೇಗ ಇಳಿಸಿದರೆ, ಬಹಳ ಜನ ಮರ್ಯಾದೆಯಾಗಿಯೇ ಹೋಗುತ್ತಾರೆ. ಆದರೂ ದಿನವಿಡೀ ಹಿಂದೆ ನೋಡುತ್ತಾ ಕೂರುವುದು ಪ್ರಯಾಣ ಅಂತ ನನಗನ್ನಿಸುವುದಿಲ್ಲ.

ಡಿಸ್ಮಲ್ ಸ್ವಾಂಪ್‌ನಲ್ಲಿ ಈ ಗಲಾಟೆ ಇಲ್ಲ. 1793ರಲ್ಲಿ ಅಗೆಯಲು ಶುರುಮಾಡಿ 1805ರಲ್ಲಿ ತೆರೆದ ಕಾಲುವೆ. ಅಗೆದವರು ಗುಲಾಮರು, ಕೈಯಲ್ಲೇ. ತಪ್ಪಿಸಿಕೊಂಡ ಗುಲಾಮರು ಬಚ್ಚಿಟ್ಟುಕೊಂಡು ಬದುಕಿದ್ದೂ ಇದೇ ಜೌಗಿನಲ್ಲಿ. ಎರಡೂ ಕಡೆ ಮರ, ಅವುಗಳ ಎಲೆ ತೊಗಟೆಯ ಸಾರ ಇಳಿದು ನೀರು ಗಟ್ಟಿ ಡಿಕಾಕ್ಷನ್ ಥರ. ಡೀಪ್ ಕ್ರೀಕ್‌ನಲ್ಲಿ ಲಾಕ್ ನಮ್ಮನ್ನು ಸುಮಾರು ಎಂಟು ಅಡಿ ಮೇಲಕ್ಕೆತ್ತಿತು. ಹಗ್ಗ ಹಿಡಿದುಕೊಳ್ಳಿ ಅಂತ ಹೇಳಿ ಗೇಟು ತೆರೆದ ಅದೇ ಮನುಷ್ಯ, ಆಮೇಲೆ ಕಾರು ಹತ್ತಿ ಹೋಗಿ ಮುಂದಿನ ಸೇತುವೆಯನ್ನೂ ಎತ್ತಿದರು! ಲಾಕ್ ತೆರೆಯುವುದು ದಿನಕ್ಕೆ ನಾಲ್ಕೇ ಸಲ, 8:30ಕ್ಕೆ, 11ಕ್ಕೆ, 1:30ಕ್ಕೆ, 3:30ಕ್ಕೆ. ಕೇಳಿದರೆ ಕಷ್ಟ ಅನ್ನಿಸುತ್ತದೆ, ಆದರೆ ಎದುರಿಸಬೇಕಾದ ಗಡುವು ದಿನಕ್ಕೆ ಒಂದೋ ಎರಡೋ ಅಷ್ಟೇ. ಬೆಳಿಗ್ಗೆ ಕಾಫಿ ಮುಗಿಸಿ 11ರ ಲಾಕ್ ಹಿಡಿದರೆ ಸಾಕು.

ಈಗ ಅದರ ತಲೆನೋವಿಗೆ ಬರುತ್ತೇನೆ. ಡಕ್‌ವೀಡ್. ಸಾಸಿವೆಗಿಂತ ಚೂರು ದೊಡ್ಡ ಹಸಿರು ಎಲೆ, ನೀರಿನ ಮೇಲೆ ತೇಲುತ್ತದೆ. ಬೆಚ್ಚಗಿನ, ಅಲುಗಾಡದ, ಗೊಬ್ಬರದಂಶ ಇರುವ ನೀರು ಸಿಕ್ಕರೆ ಎರಡು ಮೂರು ದಿನದಲ್ಲಿ ಇಮ್ಮಡಿಯಾಗುತ್ತದೆ. ಒಂದು ತಿರುವು ಕಳೆದಾಗ ಕಾಲುವೆಗೆ ಕಾಲುವೆಯೇ ಹಸಿರಾಗಿತ್ತು. ಇವರು ಖುಷಿಯಿಂದ ಫೋಟೋ ತೆಗೆಯುತ್ತಿದ್ದರು. ಬೋಟಿನ ಹಿಂದೆ ಎಂಜಿನ್‌ನಿಂದ ಬಕಬಕ ಅಂತ ಉಗುಳಬೇಕಾದ ನೀರು ಸಣ್ಣಗಾದದ್ದು ನನ್ನ ಕಿವಿಗೆ ಬಿತ್ತು. ಬೋಟಿನ ಡೀಸೆಲ್ ಎಂಜಿನ್ ತಣ್ಣಗಾಗುವುದು ಹೊರಗಿನ ನೀರನ್ನು ಎಳೆದುಕೊಂಡು. ಆ ನೀರು ಮೊದಲು ಸ್ಟ್ರೇನರ್ ಅನ್ನೋ ಜಾಲರಿ ಬುಟ್ಟಿಯಲ್ಲಿ ಸೋಸಿ ಬರುತ್ತದೆ. ಅದು ಕಟ್ಟಿಕೊಂಡರೆ ಎಂಜಿನ್ ಬಿಸಿಯೇರುತ್ತದೆ, ನೀರು ತಳ್ಳುವ ಪಂಪಿನ ರಬ್ಬರ್ ಚಕ್ರ, ಇಂಪೆಲ್ಲರ್, ಒಣಗಿಕೊಂಡು ತಿರುಗಿ ಹರಿದುಹೋಗುತ್ತದೆ.

"ರೀ, ಎಂಜಿನ್ ಆಫ್ ಮಾಡಿ" ಅಂದೆ. "ಇಲ್ಲಿ ಮಧ್ಯದಲ್ಲಾ? ಮರಕ್ಕೆ ಹೋಗಿ ತಗುಲಿಕೊಳ್ಳುತ್ತೇವಲ್ಲೇ" ಅಂದರು. ಅವರು ಹೇಳಿದ್ದೂ ಸರಿ, ಕಾಲುವೆ ಇಕ್ಕಟ್ಟು, ಕೊಂಬೆಗಳು ಬಾಗಿವೆ, ಮೇಲೆ ನಮ್ಮ ಹಾಯಿಕಂಬ ಬೇರೆ. ಆ ಎಂಜಿನ್ ಗೂಡಿನೊಳಗೆ ಅವರು ಹಿಡಿಸುವುದಿಲ್ಲ, ಹಾಗಾಗಿ ಇಳಿದವಳು ನಾನೇ. ತಳದ ವಾಲ್ವ್ ಮುಚ್ಚು, ಮುಚ್ಚಳ ತಿರುಗಿಸು, ಬುಟ್ಟಿ ಎತ್ತು. ಒಳಗೆ ನುಣ್ಣಗೆ ರುಬ್ಬಿದಂಥ ಹಸಿರು ಮುದ್ದೆ, ಬೆರಳು ಹಾಕಿ ತೆಗೆದಷ್ಟೂ ಇನ್ನೂ ಇದೆ. ಜಾಲರಿಯ ಪ್ರತಿ ತೂತಿನಲ್ಲೂ ಒಂದೊಂದು ಎಲೆ ಸಿಕ್ಕಿಕೊಂಡಿರುತ್ತದೆ, ಹಲ್ಲುಜ್ಜುವ ಬ್ರಷ್ಷೇ ಬೇಕು. ತೊಳೆದು ಹಾಕಿ, ವಾಲ್ವ್ ತೆರೆದು, ಎಂಜಿನ್ ಶುರು ಮಾಡಿ ಸ್ವಲ್ಪ ಹೊತ್ತಾಗಿರಲಿಲ್ಲ, ಮತ್ತೆ ಅದೇ ಸದ್ದು. ಸಂಜೆಯವರೆಗೂ ಇದೇ ಕೆಲಸವಾಯಿತು.

ಅಲ್ಲೇ ಕಲಿತ ಉಪಾಯ ಒಂದಿದೆ. ಇನ್ನೊಂದು ಬುಟ್ಟಿ ಇಟ್ಟುಕೊಂಡಿರಿ. ಕಟ್ಟಿದ್ದನ್ನು ತೆಗೆದು ತೊಳೆದದ್ದನ್ನು ಹಾಕಿದರೆ ಎಂಜಿನ್ ಎರಡೇ ನಿಮಿಷ ನಿಂತರೆ ಸಾಕು, ಕೊಳೆಯದ್ದನ್ನು ನಿಧಾನವಾಗಿ ಮೇಲೆ ಕೂತು ಉಜ್ಜಬಹುದು. ಎಂಜಿನ್ ವೇಗ ಇಳಿಸಿದರೂ ಕಸ ಕಮ್ಮಿ ಎಳೆಯುತ್ತದೆ. ಇಂಪೆಲ್ಲರ್ ಒಂದು ಜಾಸ್ತಿ ಇರಲಿ. ಚಳಿ ಬಿದ್ದ ಮೇಲೆ ಹೋದರೆ ಈ ಕಾಟ ಕಮ್ಮಿ, ಆದರೆ ಅಷ್ಟು ತಡ ಮಾಡಿದರೆ ಬೋಟಿನೊಳಗೆ ನಡುಗಬೇಕಾಗುತ್ತದೆ.

ನೀರಿನೊಳಗಿನ ಮರದ ದಿಮ್ಮಿಗೆ ತಳ ಢಬ್ ಅಂತ ತಾಗುವುದೂ ಉಂಟು. ಜೀವ ಹಾರಿದಂತಾಗುತ್ತದೆ, ನಮಗೆ ಏನೂ ಆಗಲಿಲ್ಲ.

ಕಂದು ನೀರಿನ ಕಲೆ ಹಿಡಿದು ಬೋಟಿನ ಮೂತಿಗೆ ಮೀಸೆ ಬರುವುದು ಎರಡೂ ದಾರಿಯಲ್ಲಿ ಗ್ಯಾರಂಟಿ. ಆಕ್ಸಾಲಿಕ್ ಆಸಿಡ್ ಇರುವ ಕ್ಲೀನರ್ ಹಚ್ಚಿದರೆ ಹೋಗುತ್ತದೆ.

ಖರ್ಚು ನೋಡಿ. ಎರಡು ಕಾಲುವೆಗೂ ಟೋಲ್ ಇಲ್ಲ. ಡಿಸ್ಮಲ್ ಸ್ವಾಂಪ್‌ನಲ್ಲಿ ನಾರ್ತ್ ಕ್ಯಾರೊಲೈನಾದ ವೆಲ್‌ಕಮ್ ಸೆಂಟರ್‌ನ ಕಟ್ಟೆಗೆ ರಾತ್ರಿ ಬೋಟು ಕಟ್ಟುವುದು ಪುಕ್ಕಟೆ. ಜಾಗ ಚಿಕ್ಕದು, ಹಾಗಾಗಿ ಒಂದರ ಪಕ್ಕ ಒಂದು ಬೋಟು ಕಟ್ಟಿಕೊಳ್ಳುತ್ತಾರೆ, ಪರಿಚಯವೂ ಆಗುತ್ತದೆ. ಪಕ್ಕದಲ್ಲೇ ಹೆದ್ದಾರಿ, ಲಾರಿ ಸದ್ದು ಇದ್ದದ್ದೇ. ಮರುದಿನ ಸೌತ್ ಮಿಲ್ಸ್ ಲಾಕ್ ಇಳಿದು ಎಲಿಜಬೆತ್ ಸಿಟಿ ತಲುಪಿದರೆ ಅಲ್ಲೂ ಪುಕ್ಕಟೆ ಕಟ್ಟೆ. ಬೋಟಿನವರಿಗೆ ಗುಲಾಬಿ ಕೊಟ್ಟು ಸ್ವಾಗತಿಸುವ ಪದ್ಧತಿ 1983ರಲ್ಲಿ ಶುರುವಾದದ್ದು ಅದೇ ಊರಲ್ಲಿ. ಈ ಕಡೆ ವರ್ಜೀನಿಯಾ ಕಟ್‌ನಲ್ಲಿ ಗ್ರೇಟ್ ಬ್ರಿಜ್ ಹತ್ತಿರ ಒಂದು ಪುಕ್ಕಟೆ ಕಟ್ಟೆ ಇದೆ, ಅಂಗಡಿಗೆ ನಡೆದೇ ಹೋಗಬಹುದು, ಅದನ್ನು ಒಪ್ಪುತ್ತೇನೆ. ಆದರೆ ಮುಂದೆ ಕಾಯಿಂಜಾಕ್‌ನಲ್ಲಿ ಮರೀನಾಗೆ ಬೋಟಿನ ಉದ್ದಕ್ಕೆ ತಕ್ಕಂತೆ ಬಾಡಿಗೆ ಕೊಡಬೇಕು. ಅಲ್ಲಿನ ಪ್ರೈಮ್ ರಿಬ್‌ಗಾಗಿಯೇ ನಿಲ್ಲುವವರಿದ್ದಾರೆ. ಮಾಂಸ ತಿನ್ನದ ನಮಗೆ ಅದರ ಆಸೆಯೂ ಇಲ್ಲ.

ನಿಮ್ಮ ಬೋಟಿನ ತಳ ಐದೂವರೆ ಅಡಿ ದಾಟಿದ್ದರೆ ಡಿಸ್ಮಲ್ ಸ್ವಾಂಪ್ ಬೇಡ, ಅಲ್ಲಿನ ಆಳವೇ ಆರು ಅಡಿ. ಅವಸರದಲ್ಲಿದ್ದರೂ ಬೇಡ. 2016ರ ಮ್ಯಾಥ್ಯೂ ಚಂಡಮಾರುತದ ಆಮೇಲೆ ಆ ಕಾಲುವೆ ತಿಂಗಳುಗಟ್ಟಲೆ ಮುಚ್ಚಿತ್ತು, ಆದ್ದರಿಂದ ಹೊರಡುವ ಮುಂಚೆ ಕಾಲುವೆ ನೋಡಿಕೊಳ್ಳುವ ಆರ್ಮಿ ಕೋರ್ ಆಫ್ ಎಂಜಿನಿಯರ್ಸ್‌ನವರ ಪ್ರಕಟಣೆ ನೋಡಿಕೊಂಡೇ ತಿರುಗಿ. ನಾವಂತೂ ಮತ್ತೆ ಅತ್ತಲೇ, ಜೊತೆಗೆ ಎರಡು ಬುಟ್ಟಿ. ಫೋಟೋ ಬೇಕಾದರೆ ಇವರು ತೆಗೆಯಲಿ, ಬ್ರಷ್ ಹಿಡಿಯುವ ಸರದಿಯೂ ಈ ಸಲ ಅವರದ್ದೇ.