ಒಂದೇ ಫಲಕ, ನಾಲ್ಕು ಸಿಎನ್‌ಸಿ ರೂಟರ್: ಯಾವುದರ ಕೆಲಸದ ಮೇಲೆ ಉಳಿ ಕೂರುತ್ತದೆ?

ಸಿಎನ್‌ಸಿ ರೂಟರ್ ಅಂದರೆ ಕಂಪ್ಯೂಟರ್ ಹೇಳಿದ ದಾರಿಯಲ್ಲಿ, ತಿರುಗುವ ಬಿಟ್ ಎಂಬ ಅಲಗಿನಿಂದ ಮರ ಕೆತ್ತುವ ಯಂತ್ರ. ಅದನ್ನು ಕೊಳ್ಳಬೇಕು ಎನ್ನುವವರು ಮೊದಲು ಬೆಲೆ ಕೇಳುತ್ತಾರೆ, ಆಮೇಲೆ ಮರ ಇಡುವ ಬೆಡ್ ಎಷ್ಟು ದೊಡ್ಡದು ಅಂತ. ಶಿರಸಿಯ ನಮ್ಮ ಮರಗೆಲಸದ ಗುಂಪು ಕೇಳಿದ್ದು ಬೇರೆ ಪ್ರಶ್ನೆ. ಯಂತ್ರ ಕೆತ್ತಿ ಬಿಟ್ಟ ಮರದ ಮೇಲೆ ಉಳಿ ಸರಿಯಾಗಿ ಕೂರುತ್ತದಾ?

ನಮ್ಮಲ್ಲಿ ಹೆಚ್ಚಿನವರು ಕೈಕೆತ್ತನೆ ಬಲ್ಲವರು, ಇಲ್ಲವೇ ಕಲಿಯುತ್ತಿರುವವರು. ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರದ ಗುಡಿಗಾರರ ಗಂಧದ ಕೆತ್ತನೆ ನೋಡುತ್ತಾ ಬೆಳೆದವರು. ಕೆತ್ತನೆಯನ್ನು ಪೂರ್ತಿ ಯಂತ್ರಕ್ಕೆ ಒಪ್ಪಿಸುವ ಆಸೆ ಯಾರಿಗೂ ಇರಲಿಲ್ಲ. ಆದರೆ ನೆಲ ತೆಗೆಯುವ ಕೆಲಸ ಇದೆಯಲ್ಲ, ಹೂ ಬಳ್ಳಿ ಎದ್ದು ಕಾಣಲಿ ಅಂತ ಸುತ್ತಲಿನ ಮರವನ್ನೆಲ್ಲ ಒಂದೇ ಮಟ್ಟಕ್ಕೆ ತಗ್ಗಿಸುವುದು, ಅದು ಸೊಂಟ ಹಿಡಿಯುವ ಕೆಲಸ. ಅಷ್ಟನ್ನು ಯಂತ್ರ ಮಾಡಿಕೊಟ್ಟರೆ ಉಳಿದದ್ದು ನಮ್ಮ ಕೈಯದು. ಹಾಗಾಗಿ ಯಂತ್ರ ಎಲ್ಲಿಗೆ ನಿಲ್ಲಿಸುತ್ತದೆ, ಹೇಗೆ ಬಿಟ್ಟುಕೊಡುತ್ತದೆ ಎನ್ನುವುದೇ ನಮಗೆ ಮುಖ್ಯ.

ಪರೀಕ್ಷೆಗೆ ಎಲ್ಲಾ ಯಂತ್ರಕ್ಕೂ ಒಂದೇ ಫಲಕ ಕೊಟ್ಟೆವು. ನಡುವೆ ತಾವರೆ, ಅದರ ಸುತ್ತ 100 ಮಿ.ಮೀ. ವ್ಯಾಸದ ಬಳೆ, ಕೆಳಗೆ 'ಶ್ರೀನಿಲಯ' ಎಂಬ ಮನೆ ಹೆಸರು. ನೆಲ 6 ಮಿ.ಮೀ. ಆಳ. ಎಲ್ಲಕ್ಕಿಂತ ಸಣ್ಣ ಯಂತ್ರಕ್ಕೂ ಹಿಡಿಸುವ ಅಳತೆ. ಹಲಸಿನ ಹಲಗೆಯಲ್ಲೊಂದು, ತೇಗದಲ್ಲೊಂದು. ಹಲಸು ಮೆತ್ತಗೆ ಒಪ್ಪಿಕೊಳ್ಳುತ್ತದೆ. ತೇಗದಲ್ಲಿ ಮರಳಿನಂಥ ಸಿಲಿಕಾ ಇರುವುದರಿಂದ ಬಿಟ್ ಬೇಗ ಮೊಂಡಾಗುತ್ತದೆ. ಎರಡರಲ್ಲೂ ನಿಲ್ಲಬೇಕು, ಆಗ ಯಂತ್ರ ಸರಿ.

ಮೊದಲನೆಯದು ಮೇಜಿನ ಮೇಲೆ ಕೂರುವ 3018. ಹೆಸರಲ್ಲೇ ಅಳತೆ ಇದೆ, 300 ಗುಣಿಸು 180 ಮಿ.ಮೀ. ಕಿಟ್ ಆಗಿ ಬರುತ್ತದೆ, ನಾವೇ ಜೋಡಿಸಿಕೊಳ್ಳಬೇಕು. ಬೆಲೆ ಇಪ್ಪತ್ತು ಸಾವಿರದ ಆಸುಪಾಸು. ಇದರ ಬೋರ್ಡಿನಲ್ಲಿ ಓಡುವುದು ಜಿಆರ್‌ಬಿಎಲ್. 2009ರಲ್ಲಿ ಶುರುವಾದ ಈ ತಂತ್ರಾಂಶ ಉಚಿತ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಇಲ್ಲ ಅಂತಲೇ ನನ್ನ ಅಭಿಪ್ರಾಯ. ಸೊನ್ನೆ, ಅಂದರೆ ಯಂತ್ರ ಅಳತೆ ಶುರು ಮಾಡುವ ಜಾಗ, ಎಲ್ಲಿ ಹಿಡಿಯಬೇಕು, ಹಲಗೆ ಹಿಡಿದಿಡುವ ಕ್ಲಾಂಪಿಗೆ ಬಿಟ್ ತಾಗದಂತೆ ದಾರಿ ಹೇಗೆ ಹಾಕಬೇಕು ಎಂದು ಎಲ್ಲರೂ ಕಲಿತದ್ದು ಇದರ ಮೇಲೆಯೇ.

ಆದರೆ ನೆಲ ತೆಗೆಯಲು ಹೋದರೆ ಅದರ ಮೈ ಅಲುಗುತ್ತದೆ. ಬಿಟ್ ಒಂದು ಸಲ ಓಡಿದರೆ ಅರ್ಧ ಮಿ.ಮೀ. ಆಳ ಅಂತ ಇಟ್ಟರೆ ಮಾತ್ರ ಸುಮ್ಮನಿರುತ್ತದೆ. ಅಂದರೆ 6 ಮಿ.ಮೀ. ನೆಲಕ್ಕೆ ಹನ್ನೆರಡು ಸಲ ಓಡಬೇಕು. ಮಧ್ಯಾಹ್ನ ಊಟ ಮಾಡಿ ಶುರು ಮಾಡಿದರೆ ದೀಪ ಹಚ್ಚುವ ಹೊತ್ತಿಗೂ ಮುಗಿಯಲಿಲ್ಲ. ಹೊತ್ತು ಹೋದರೂ ಚಿಂತೆಯಿಲ್ಲ, ಉದುರಿದ್ದು ಏನು ಅಂತ ನೋಡಬೇಕು. ಅದು ಚಕ್ಕೆಯಲ್ಲ, ಹುಡಿ. ಇದಕ್ಕೆ ಲೆಕ್ಕ ಇದೆ. ಬಿಟ್ ನಿಮಿಷಕ್ಕೆ 9000 ಸುತ್ತು, ಎರಡು ಅಲಗು, ಯಂತ್ರ ಮುಂದೆ ಹೋಗುವುದು ನಿಮಿಷಕ್ಕೆ 450 ಮಿ.ಮೀ. ಭಾಗಿಸಿದರೆ ಒಂದೊಂದು ಅಲಗಿಗೆ ಸಿಗುವ ಮರ 0.025 ಮಿ.ಮೀ. ಮಾತ್ರ. ಅಷ್ಟು ತೆಳ್ಳಗಿದ್ದರೆ ಅಲಗು ಕಡಿಯುವುದಿಲ್ಲ, ಉಜ್ಜುತ್ತದೆ. ಹೆಚ್ಚು ತಳ್ಳೋಣ ಅಂದರೆ ಚೌಕಟ್ಟಿಗೆ ಆ ತಾಕತ್ತಿಲ್ಲ.

ಅಕ್ಷರದ ವಿಷಯದಲ್ಲಿ ಮಾತ್ರ ಈ ಪುಟ್ಟ ಯಂತ್ರವನ್ನು ಹೊಗಳಲೇಬೇಕು. ಕನ್ನಡ ಅಕ್ಷರಕ್ಕೆ ನೇರ ಬಿಟ್ ಆಗುವುದಿಲ್ಲ. 3 ಮಿ.ಮೀ. ಬಿಟ್ ಯಾವ ಒಳಮೂಲೆಗೆ ಹೋದರೂ ಒಂದೂವರೆ ಮಿ.ಮೀ. ತ್ರಿಜ್ಯದ ಗುಂಡು ಬಿಟ್ಟು ಬರುತ್ತದೆ. 'ಶ್ರೀ'ಯ ಕೆಳಗಿನ ಒತ್ತು, 'ಯ'ದ ಒಳಸುತ್ತು ಎಲ್ಲಾ ಮುಚ್ಚಿಹೋಗುತ್ತವೆ. ಚೂಪು ಮೂತಿಯ ವಿ-ಬಿಟ್ ಹಾಕಿದರೆ ಗೆರೆ ಸಣ್ಣದಾದಲ್ಲಿ ಬಿಟ್ ತಾನೇ ಮೇಲೇಳುತ್ತದೆ, ಮೂಲೆ ಚೂಪಾಗಿ ಬರುತ್ತದೆ. ಇದಕ್ಕೆ ಬಲ ಬೇಡ, ಹಾಗಾಗಿ 3018 ಆರಾಮಾಗಿ ಮಾಡುತ್ತದೆ. ಇನ್ನೊಂದು ಮಾತು. ಕೆತ್ತನೆಯ ತಂತ್ರಾಂಶದಲ್ಲೇ ಕನ್ನಡ ಟೈಪ್ ಮಾಡಿದರೆ ಎಷ್ಟೋ ಸಲ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತದೆ. ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಬರೆದು, ಪಾತ್ (ಅಂದರೆ ಬರೀ ಗೆರೆ) ಮಾಡಿ, ಒಂದರ ಮೇಲೊಂದು ಬಿದ್ದ ಗೆರೆಗಳನ್ನು ಯೂನಿಯನ್ ಕೊಟ್ಟು ಸೇರಿಸಿ ತನ್ನಿ. ಹಾಗೆ ಮಾಡದಿದ್ದರೆ ಅಕ್ಷರದ ನಡುವೆ ಬೇಡದ ಗೆರೆ ಕೆತ್ತಿ ಕೂರುತ್ತದೆ.

ಎರಡನೆಯದು ಬೆಲ್ಟಿನ ಯಂತ್ರ. ಗುಂಪಿನ ಹುಡುಗರಿಬ್ಬರು ಅಲ್ಯುಮಿನಿಯಂ ಪಟ್ಟಿ, ಚಕ್ರ, ಹಲ್ಲಿನ ಬೆಲ್ಟ್ ತರಿಸಿ ಕಟ್ಟಿದ್ದು. ಬಿಟ್ ತಿರುಗಿಸುವ ಮೋಟರ್, ಅಂದರೆ ಸ್ಪಿಂಡಲ್, ಅದರ ಬದಲಿಗೆ ಮರದ ಅಂಚು ಸವರಲು ಕೈಯಲ್ಲಿ ಹಿಡಿಯುವ ಟ್ರಿಮ್ಮರ್. ಅವರ ಶ್ರಮಕ್ಕೆ ನಿಜಕ್ಕೂ ಮೆಚ್ಚುಗೆ ಇದೆ. ಜಾಗ ದೊಡ್ಡದು, ವೇಗವೂ ಇದೆ, ಪ್ಲೈವುಡ್ಡಿನಲ್ಲಿ ಪೆಟ್ಟಿಗೆ, ಕಪಾಟಿನ ತುಂಡು ಕತ್ತರಿಸಲು ಚೆನ್ನಾಗಿಯೇ ಇದೆ. ಗಟ್ಟಿಮರ ಬಂದಾಗ ಬೆಲ್ಟ್ ಎಳೆದುಕೊಳ್ಳುತ್ತದೆ. ನಮ್ಮ 100 ಮಿ.ಮೀ. ಬಳೆಯನ್ನು ವರ್ನಿಯರ್‌ನಲ್ಲಿ ಅಳೆದಾಗ ಉದ್ದಕ್ಕೂ ಅಡ್ಡಕ್ಕೂ ಒಂದೇ ಅಳತೆ ಬರಲಿಲ್ಲ. ಬಿಟ್ ತಿರುಗುವ ದಿಕ್ಕಿನಲ್ಲೇ ಮುಂದೆ ಹೋದಾಗ ಮರವೇ ಬಿಟ್ಟನ್ನು ಒಳಗೆ ಎಳೆಯುತ್ತದೆ, ಬೆಲ್ಟಿಗೆ ತಡೆಯಲಾಗುವುದಿಲ್ಲ. ದಿಕ್ಕು ಬದಲಿಸಿದೆವು, ಸುಧಾರಿಸಿತು, ಪೂರ್ತಿ ಹೋಗಲಿಲ್ಲ. ಟ್ರಿಮ್ಮರಿನ ಸುತ್ತು ಜಾಸ್ತಿ, ಮುಂದೆ ಹೋಗುವ ವೇಗ ಇಳಿಸಬೇಕಾಯಿತು, ಹಲಸಿನ ಹಳದಿ ಮೈಯಲ್ಲಿ ಕಂದು ಸುಟ್ಟಗೆರೆ ಬಿತ್ತು. ಕೆತ್ತನೆಯವರಿಗೆ ಇದು ಬೇಡ ಅಂತ ನಾನು ಖಂಡಿತ ಹೇಳುತ್ತೇನೆ.

ಮೂರನೆಯದು 6090. ಉಕ್ಕಿನ ಚೌಕಟ್ಟು, 600 ಗುಣಿಸು 900 ಮಿ.ಮೀ. ಜಾಗ, ಬೆಲ್ಟಿನ ಬದಲು 16 ಮಿ.ಮೀ. ದಪ್ಪದ ಬಾಲ್ ಸ್ಕ್ರೂ ಎಂಬ ತಿರುಪು, ಅದು ಒಂದು ಸಲ ತಿರುಗಿದರೆ 5 ಮಿ.ಮೀ. ನಡೆ. ನೀರಿನಿಂದ ತಂಪಾಗುವ 2.2 ಕಿಲೋವ್ಯಾಟ್ ಸ್ಪಿಂಡಲ್, ನಿಮಿಷಕ್ಕೆ 24000 ಸುತ್ತಿನವರೆಗೆ. ಬೆಲೆ ಲಕ್ಷ ದಾಟುತ್ತದೆ. ಪರಿಚಯದವರ ಕಾರ್ಖಾನೆಯಲ್ಲಿ ನಮಗೆ ಬೇಕಾದಷ್ಟು ಹೊತ್ತು ಓಡಿಸಲು ಬಿಟ್ಟರು.

ಇಲ್ಲಿ ಅದೇ ಲೆಕ್ಕ ಹಾಕಿ ನೋಡಿ. 18000 ಸುತ್ತು, ಎರಡು ಅಲಗು, ನಿಮಿಷಕ್ಕೆ 2700 ಮಿ.ಮೀ. ನಡೆ. ಅಲಗಿಗೆ 0.075 ಮಿ.ಮೀ., ಮೊದಲಿನದರ ಮೂರು ಪಟ್ಟು. ಒಂದು ಸಲ ಓಡಿದರೆ 2 ಮಿ.ಮೀ. ಆಳ. ಬೆಡ್ಡಿನ ಮೇಲೆ ಬಿದ್ದದ್ದು ಹುಡಿಯಲ್ಲ, ಬೆರಳಲ್ಲಿ ಹಿಡಿದು ನೋಡಬಹುದಾದ ಚಕ್ಕೆ. ನೆಲ ಅರ್ಧ ಗಂಟೆಯೊಳಗೆ ಮುಗಿಯಿತು. ಸದ್ದು ಕೂಡ ಬೇರೆ. 3018 ಕಿರುಚುತ್ತದೆ, ಇದು ಒಂದೇ ಸಮ ಗುಂಯ್ ಎನ್ನುತ್ತದೆ.

ಈ ಮೂರೂ ಯಂತ್ರದ ಫಲಕಗಳನ್ನು ನಮ್ಮ ಗುಂಪಿನ ಹಿರಿಯ ಗುಡಿಗಾರರ ಮುಂದೆ ಇಟ್ಟೆವು. ಯಾವುದು ಯಾವ ಯಂತ್ರದ್ದು ಅಂತ ಹೇಳಲಿಲ್ಲ. ಅವರು ಕಣ್ಣಿಗಿಂತ ಮೊದಲು ಹೆಬ್ಬೆರಳು ಓಡಿಸಿದರು. ಆಮೇಲೆ ಚಪ್ಪಟೆ ಉಳಿ ತೆಗೆದುಕೊಂಡು ತಾವರೆಯ ಒಂದು ಎಸಳಿನ ಅಂಚಿಗೆ ಕೊಟ್ಟರು. ಬೆಲ್ಟಿನ ಯಂತ್ರದ ಹಲಸಿನ ಮೇಲೆ ಉಳಿ ಸರ್ರನೆ ಜಾರಿತು. "ಇದು ಕಡಿದದ್ದಲ್ಲ ತಮಾ, ಉಜ್ಜಿದ್ದು. ಮೈಯೆಲ್ಲ ಮುಚ್ಚಿ ಹೋಗಿದೆ ನೋಡು" ಅಂದರು. 3018ರ ತೇಗದಲ್ಲಿ ಎಳೆಯ ತುದಿ ತುಪ್ಪಳದ ಹಾಗೆ ಎದ್ದಿತ್ತು, ಉಳಿ ಮೊದಲು ಅದನ್ನು ತೆಗೆಯಬೇಕಾಯಿತು. 6090ರ ಫಲಕದಲ್ಲಿ ಉಳಿ ಇಟ್ಟಲ್ಲಿ ಕೂತಿತು, ತೆಳ್ಳಗಿನ ಸುರುಳಿಯೊಂದು ಎದ್ದು ಬಂತು. ಅವರು ಹೇಳಿದ್ದು ಇಷ್ಟೇ: "ಎಸಳಿನ ಮೇಲೆ ಸ್ವಲ್ಪ ಮರ ಬಿಡಕಾಗಿತ್ತು. ಪೂರ್ತಿ ಅದೇ ಕೆತ್ತಿದ್ರೆ ನಾ ಎಂತಾ ಮಾಡೂದು?"

ಆ ಮಾತು ನಮ್ಮ ಇಡೀ ಪದ್ಧತಿಯನ್ನೇ ಬದಲಿಸಿತು. ಈಗ ನೆಲವನ್ನು ಪೂರ್ತಿ ಆಳಕ್ಕೆ ತೆಗೆಸುತ್ತೇವೆ, ಹೂವು ಬಳ್ಳಿಯ ಮೈಮೇಲೆ ಅರ್ಧ ಮಿ.ಮೀ. ಉಳಿಸುತ್ತೇವೆ. ಗುಂಡುಮೂತಿಯ ಬಿಟ್ಟಿನ ಸಣ್ಣ ಸಣ್ಣ ಸಾಲು ಕಂಡರೆ ಕಾಣಲಿ, ಉಳಿ ಅದನ್ನು ತಿನ್ನುತ್ತದೆ. ಸಾಲು ಕಾಣದ ಹಾಗೆ ನುಣ್ಣಗೆ ಓಡಿಸಲು ಯಂತ್ರವನ್ನು ಗಂಟೆಗಟ್ಟಲೆ ಬಿಡುವ ಅಗತ್ಯವೇ ಇಲ್ಲ. ಮೇಲಾಗಿ ಉಳಿಯ ಏಟು ಬಿದ್ದ ಎಸಳಿಗೆ ಬೆಳಕು ಹಿಡಿಯುವ ರೀತಿಯೇ ಬೇರೆ, ಸ್ಯಾಂಡ್ ಪೇಪರಿನಿಂದ ಅದು ಬರುವುದಿಲ್ಲ.

ಇನ್ನು ಕರೆಂಟು. ಮಲೆನಾಡಿನಲ್ಲಿ ಯಂತ್ರ ಕೊಳ್ಳುವವರು ಇದನ್ನು ಕ್ಯಾಟಲಾಗಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಕೆಲಸದ ನಡುವೆ ಕರೆಂಟ್ ಹೋದರೆ ಹೆಜ್ಜೆ ಎಣಿಸಿ ನಡೆಯುವ ಸ್ಟೆಪ್ಪರ್ ಮೋಟರಿನ ಯಂತ್ರಕ್ಕೆ ತಾನೆಲ್ಲಿದ್ದೆ ಅಂತ ನೆನಪಿರುವುದಿಲ್ಲ. ನಮ್ಮ 3018ಕ್ಕೆ ಅಂಚು ಮುಟ್ಟಿದ್ದನ್ನು ತಿಳಿಸುವ ಲಿಮಿಟ್ ಸ್ವಿಚ್ ಇಲ್ಲ. ಸೊನ್ನೆಯನ್ನು ಮತ್ತೆ ಕೈಯಲ್ಲಿ ಹಿಡಿಯಬೇಕು, ಕೂದಲೆಳೆ ತಪ್ಪಿದರೂ ಅಕ್ಷರದ ಗೆರೆ ಎರಡೆರಡು. 6090ರಲ್ಲಿ ಸ್ವಿಚ್ ಇದೆ. ಮೂಲೆಗೆ ಹೋಗಿ ಮುಟ್ಟಿ ಬಂದು, ಕೆಲಸ ನಿಂತ ಕಡೆಯಿಂದ ಮುಂದುವರಿಸಬಹುದು. ಯುಪಿಎಸ್ ಹಾಕುವವರಿಗೆ ಒಂದು ಎಚ್ಚರಿಕೆ. ಕಂಪ್ಯೂಟರಿಗೂ ಮೋಟರಿಗೂ ಹಾಕಿ ಸ್ಪಿಂಡಲ್ಲಿಗೆ ಹಾಕದೆ ಬಿಡಬೇಡಿ. ತಿರುಗದ ಬಿಟ್ಟನ್ನು ಯಂತ್ರ ಮರದೊಳಗೆ ಎಳೆದುಕೊಂಡು ಹೋಗಿ ಮುರಿಯುತ್ತದೆ. 2.2 ಕಿಲೋವ್ಯಾಟ್ ಸ್ಪಿಂಡಲ್ ಮನೆಯ ಸಿಂಗಲ್ ಫೇಸ್‌ನಲ್ಲಿ ಓಡುತ್ತದೆ, ಆದರೆ ವೋಲ್ಟೇಜ್ ಕುಸಿದರೆ ಅದರ ವೇಗ ನಿಯಂತ್ರಿಸುವ ಡ್ರೈವ್ ತಾನಾಗಿ ನಿಲ್ಲುತ್ತದೆ. ಸಂಜೆ ಬಲ್ಬ್ ಮಂಕಾಗುವ ಊರಾದರೆ ಬೆಳಿಗ್ಗೆಯೇ ಕೆಲಸ ಇಟ್ಟುಕೊಳ್ಳಿ.

ಮಳೆಗಾಲದ್ದು ಇನ್ನೊಂದು ಕಥೆ. ಬೆಡ್ಡಿನ ಮೇಲೆ ಹಾಸುವ, ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ತೇವ ಕುಡಿದು ಉಬ್ಬುತ್ತದೆ, ಎಲ್ಲಾ ಕಡೆ ಒಂದೇ ಸಮ ಉಬ್ಬುವುದಿಲ್ಲ. 90 ಡಿಗ್ರಿಯ ವಿ-ಬಿಟ್ಟಿನಲ್ಲಿ ಆಳ ಅರ್ಧ ಮಿ.ಮೀ. ಹೆಚ್ಚಾದರೆ ಗೆರೆಯ ಅಗಲ ಒಂದು ಮಿ.ಮೀ. ಹೆಚ್ಚುತ್ತದೆ. 'ಶ್ರೀ' ತೆಳ್ಳಗೆ, 'ಯ' ದಪ್ಪಗೆ ಬಂದರೆ ಫಾಂಟನ್ನು ದೂರಬೇಡಿ, ಕೆಳಗಿನ ಹಲಗೆ ನೋಡಿ. ಅಗಲದ ಬಿಟ್ ಹಾಕಿ ಅದರ ಮೈಯನ್ನು ಒಮ್ಮೆ ಮಟ್ಟ ಮಾಡಿಕೊಂಡರೆ ಸರಿಹೋಗುತ್ತದೆ. 60 ಡಿಗ್ರಿ ಬಿಟ್ಟಿಗೆ ಈ ಏರುಪೇರು ಕಡಿಮೆ, ಮಳೆಗಾಲದಲ್ಲಿ ನಾವು ಅದನ್ನೇ ಬಳಸುತ್ತೇವೆ. ಮರವೂ ಅಷ್ಟೇ. ಸರಿಯಾಗಿ ಒಣಗದ ಹಲಗೆಯ ಒಂದೇ ಮುಖದಿಂದ ನೆಲ ತೆಗೆದರೆ ಒಳಗಿನ ತೇವ ಆ ಕಡೆಯಿಂದ ಆರಿ ಹಲಗೆ ಡೊಂಕಾಗುತ್ತದೆ. ಕಾರವಾರ, ಅಂಕೋಲಾ ಕಡೆಯ ಗೆಳೆಯರಿಗೆ ಉಪ್ಪುಗಾಳಿಯ ಕಾಟ ಬೇರೆ. ಬಾಲ್ ಸ್ಕ್ರೂ, ಹಳಿ ಎರಡಕ್ಕೂ ಕೆಲಸ ಮುಗಿದ ಕೂಡಲೇ ಹುಡಿ ಒರೆಸಿ ತೆಳ್ಳಗೆ ಎಣ್ಣೆ ಹಚ್ಚಲೇಬೇಕು. ಎಣ್ಣೆಯ ಮೇಲೆ ಮರದ ಹುಡಿ ಕೂತರೆ ಅದೇ ತೇವ ಹಿಡಿದಿಟ್ಟುಕೊಳ್ಳುತ್ತದೆ.

ನಾಲ್ಕನೆಯದು 1325. 1300 ಗುಣಿಸು 2500 ಮಿ.ಮೀ., ಎಂಟಡಿ ನಾಲ್ಕಡಿಯ ಪ್ಲೈವುಡ್ ಹಾಳೆ ಇಡಿಯಾಗಿ ಮಲಗುತ್ತದೆ. ಬಾಗಿಲು ಕೆತ್ತುವ ಅಂಗಡಿಗಳಲ್ಲಿ ಇರುವುದು ಇದೇ. ಕೊಳ್ಳುವ ಪ್ರಶ್ನೆಯೇ ಬರಲಿಲ್ಲ, ಥ್ರೀ ಫೇಸ್ ಬೇಕು, ಜಾಗ ಬೇಕು, ದಿನವಿಡೀ ಕೆಲಸ ಬೇಕು. ದುಡ್ಡು ಕೊಟ್ಟು ಕೆತ್ತಿಸಿಕೊಂಡೆವು. ಪುಟ್ಟ ಫಲಕಕ್ಕೆ ಇದು ಹೊಂದುವುದಿಲ್ಲ. ಗಾಳಿ ಎಳೆದು ಹಲಗೆ ಹಿಡಿಯುವ ಬೆಡ್ಡಿಗೆ ಮರದ ಅಗಲವೇ ಬಲ, ಸಣ್ಣ ತುಂಡು ಸರಿಯುತ್ತದೆ. ಹಾಗಾಗಿ ಕ್ಲಾಂಪ್ ಕಟ್ಟುವುದರಲ್ಲೇ ಹೊತ್ತು ಹೋಯಿತು. ಬಾಗಿಲಿನ ಮಾತು ಬೇರೆ. ಕೈಯಲ್ಲಿ ವಾರಗಟ್ಟಲೆ ಹಿಡಿಯುವ ನೆಲವನ್ನು ಅದು ಒಂದು ದಿನದೊಳಗೆ ತೆಗೆದುಕೊಟ್ಟಿತು, ಚಕ್ಕೆಯೂ ದಪ್ಪ, ಮೈಯೂ ಚೊಕ್ಕ.

ನಮ್ಮ ಗುಂಪು ಕೂಡಿ ಹಾಕಿದ ದುಡ್ಡು 6090ಕ್ಕೆ ಹೋಗಲಿದೆ. ಮನೆಯಲ್ಲಿ ಹೆಸರಿನ ಫಲಕ ಮಾತ್ರ ಮಾಡುವವರಿಗೆ 3018 ಧಾರಾಳ ಸಾಕು, ಸಾಲ ಮಾಡಬೇಡಿ. ಬಾಗಿಲು, ದೇವರ ಮಂಟಪದ ದೊಡ್ಡ ಹಲಗೆ ಬಂದಾಗ 1325 ಇರುವ ಅಂಗಡಿಗೇ ಹೋಗಿ. ಆದರೆ ಫೈಲ್ ಕೊಟ್ಟು ಬಂದುಬಿಡಬೇಡಿ, ಮೂರು ವಿಷಯ ಚೀಟಿಯಲ್ಲಿ ಬರೆದು ಕೊಡಿ. ಕೊನೆಯ ಸಲ ಬಿಟ್ ಮರದ ಎಳೆಯ ಉದ್ದಕ್ಕೇ ಓಡಬೇಕು, ಅಡ್ಡ ಓಡಿದರೆ ಸಿಬರು ಏಳುತ್ತದೆ. ತೇಗಕ್ಕೆ ಹೊಸ ಕಾರ್ಬೈಡ್ ಬಿಟ್ ಹಾಕಬೇಕು, ಬೇಕಾದರೆ ಬಿಟ್ ನೀವೇ ಕೊಂಡೊಯ್ಯಿರಿ. ಹೂವು ಬಳ್ಳಿಯ ಮೇಲೆ ಅರ್ಧ ಮಿ.ಮೀ. ಮರ ಬಿಡಬೇಕು. ಅಂಗಡಿಯವರು ಈ ಮೂರನೆಯದನ್ನು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಳ್ಳುತ್ತಾರೆ, ಅವರ ಬೇರೆ ಗಿರಾಕಿಗಳಿಗೆಲ್ಲ ನುಣ್ಣಗೆ ಮುಗಿಸಿಯೇ ಕೊಟ್ಟು ರೂಢಿ. ಹೌದು, ಬಿಡಿ ಅಂತಲೇ ಹೇಳಿ.